ನೆಲದ ಮೇಲೆ ಮೂವತ್ತೇಳು ದೂರು

ತೆರೆಕ್-ಬಾಶಿಯಲ್ಲಿ ಯಾರೂ ಕುದುರೆಯಿಂದ ಬೀಳುವುದಿಲ್ಲ. ಇದು ಡಾಕ್ಟರ್ ಕಲಿಪಾಗೆ ಗೊತ್ತಿರಲಿಲ್ಲವೆಂದಲ್ಲ. ಅವಳು ಹುಟ್ಟಿ ಬೆಳೆದದ್ದೇ ಆ ಊರಿನಲ್ಲಿ. ಆದರೆ ಇಪ್ಪತ್ತು ವರ್ಷ ರಾಜಧಾನಿಯ ಪ್ರಯೋಗಾಲಯದಲ್ಲಿ ಇಲಿಗಳ ಜೊತೆ ಕಳೆದವಳಿಗೆ ಮರೆತುಹೋಗಿತ್ತು. ಇಲಿ ಬಿದ್ದರೆ ಬಿತ್ತು, ಅಷ್ಟೆ. ಮಾನಕ್ಕೆ ಅಂಜಿ ಅದು ಬೇರೆ ಕಥೆ ಕಟ್ಟುವುದಿಲ್ಲ.

ಅವಳ ಕೆಲಸ ಮಿದುಳಿನ ಪೆಟ್ಟಿನದು. ಪೆಟ್ಟು ಬೀಳುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ದೊಡ್ಡ ಅನಾಹುತವೆಲ್ಲ ಆಮೇಲಿನದು. ಮಿದುಳಿನೊಳಗೆ ಕಾವಲು ಕಾಯುವ ಪುಟ್ಟ ಕೋಶಗಳಿವೆ. ಪೆಟ್ಟು ಬಿದ್ದ ಕೂಡಲೇ ಅವು ಎದ್ದು, ಕಸ ಗುಡಿಸಿ, ಸತ್ತದ್ದನ್ನು ಎತ್ತಿಹಾಕುತ್ತವೆ. ಒಳ್ಳೆಯ ಕೆಲಸವೇ. ಆದರೆ ರೋಷ ಹತ್ತಿದ ಮೇಲೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ, ಗಟ್ಟಿಮುಟ್ಟಾಗಿ ಬದುಕಿರುವ ನರಕೋಶಗಳನ್ನೂ ಹಾಳುಮಾಡುತ್ತವೆ. ಆ ಉರಿಯೂತ ಆರುವ ಮೊದಲು ಇನ್ನೊಂದು ಪೆಟ್ಟು ಬಿದ್ದರೆ ಮನುಷ್ಯನ ಕಥೆ ಕೆಟ್ಟಿತೆಂದೇ ಲೆಕ್ಕ. ಕಲಿಪಾಳ ಇಲಿಗಳಲ್ಲಿ ಉರಿ ಆರಲು ಹತ್ತು ದಿನ ಹಿಡಿದಿತ್ತು. ಮನುಷ್ಯರಿಗೆ ಮೂರು ವಾರವಾದರೂ ಬೇಕೆಂದು ಅವಳ ಅಂದಾಜು. ಅಂದಾಜನ್ನು ಯಾವ ಪತ್ರಿಕೆಯೂ ಅಚ್ಚು ಹಾಕುವುದಿಲ್ಲ. ವಾರವಾರವೂ ತಪ್ಪದೆ ತಲೆಗೆ ಪೆಟ್ಟು ಮಾಡಿಕೊಳ್ಳುವ ಮನುಷ್ಯರು ಬೇಕಾಗಿದ್ದರು. ಅಂಥವರು ಎಲ್ಲಿದ್ದಾರೆಂದು ಯೋಚಿಸಿದಾಗ ಮೊದಲು ಕಣ್ಣ ಮುಂದೆ ಬಂದದ್ದು ಅವಳ ಸ್ವಂತ ಅಣ್ಣ ತೈಲಾಕ್.

ತೈಲಾಕ್ ತೆರೆಕ್-ಬಾಶಿಯ ಉಲಾಕ್ ತಂಡದ ನಾಯಕ. ತಲೆ ಕಡಿದ ಹೋತದ ಮುಂಡವನ್ನು ಕುದುರೆಯ ಮೇಲಿಂದಲೇ ಬಾಗಿ ಎತ್ತಿ, ತೊಡೆಯಡಿ ಒತ್ತಿಕೊಂಡು ಓಡಿ, ಎದುರಾಳಿಯ ಮಣ್ಣುಗುಂಡಿಯೊಳಗೆ ಎಸೆಯಬೇಕು. ಉಳಿದವರೆಲ್ಲ ಅದನ್ನು ಕಸಿಯಬೇಕು. ಈ ಗಲಾಟೆಯಲ್ಲಿ ಕುದುರೆ ಕುದುರೆಗೆ ಗುದ್ದುತ್ತದೆ, ಮೊಣಕಾಲು ದವಡೆಗೆ ಬಡಿಯುತ್ತದೆ. ಜನ ಕೆಳಗೆ ಬರುತ್ತಾರೆ. ಬೀಳುವುದಿಲ್ಲ, ಬರುತ್ತಾರೆ.

ಸೆಪ್ಟೆಂಬರಿನಲ್ಲಿ ದನಕುರಿಗಳು ಬೆಟ್ಟದ ಹುಲ್ಲುಗಾವಲಿನಿಂದ ಇಳಿದು ಆಟದ ದಿನಗಳು ಶುರುವಾದಾಗ, ಕಲಿಪಾ ಹಳೆಯ ವ್ಯಾನಿನಲ್ಲಿ ಊರಿಗೆ ಬಂದಳು. ವ್ಯಾನಿನಲ್ಲಿ ರಕ್ತವನ್ನು ಗಿರ್ರನೆ ತಿರುಗಿಸಿ ತಿಳಿಯನ್ನು ಬೇರೆಮಾಡುವ ಯಂತ್ರ, ಮಂಜುಗಡ್ಡೆಯ ಪೆಟ್ಟಿಗೆ, ಒಂದು ಮೂಟೆ ನಮೂನೆ ಕಾಗದ, ಮತ್ತು ಚಾಲಕ ಜೆಕ್ಷೆನ್. ಜೆಕ್ಷೆನ್‌ಗೆ ಅರವತ್ತರ ಹತ್ತಿರ. ಸೈನ್ಯದ ಉಗ್ರಾಣದಲ್ಲಿ ಮೂವತ್ತು ವರ್ಷ ಪಟ್ಟಿ ಬರೆದವನು. ಅವನ ಕೈಗೆ ನಮೂನೆ ಸಿಕ್ಕರೆ ಒಂದು ಕಲಮೂ ಖಾಲಿ ಉಳಿಯುತ್ತಿರಲಿಲ್ಲ.

ಏಳನೆಯ ಪ್ರಶ್ನೆ ಹೀಗಿತ್ತು: ‘ಇಂದು ಕುದುರೆಯಿಂದ ಬಿದ್ದಿರಾ? ಎಷ್ಟು ಸಲ?’

ಮೊದಲ ಭಾನುವಾರ ಆಟ ಮುಗಿದ ಮೇಲೆ, ಬಾಯಲ್ಲಿ ಹುಲ್ಲು, ಕಿವಿಯಲ್ಲಿ ಮಣ್ಣು ತುಂಬಿಕೊಂಡ ಸವಾರನೊಬ್ಬ ವ್ಯಾನಿನ ಮುಂದೆ ಕುಳಿತ.

“ಬಿದ್ರಾ?” ಎಂದಳು ಕಲಿಪಾ.

“ಇಲ್ವಲ್ಲ.”

“ನಾನೇ ನೋಡ್ದೆ. ತಲೆಕೆಳಗಾಗಿ ಬಂದ್ರಿ.”

“ಇಳಿದೆ ಎಜೆ.” ತನಗಿಂತ ದೊಡ್ಡ ಹೆಂಗಸನ್ನು ಎಜೆ ಎನ್ನದೆ ಅವನು ಮಾತಾಡುವವನಲ್ಲ, ಮರ್ಯಾದೆಗೇನೂ ಕೊರತೆಯಿರಲಿಲ್ಲ.

“ತಲೆ ಮೊದಲು ಇಟ್ಟು ಇಳಿದ್ರಾ?”

“ಸ್ವಲ್ಪ ಅವಸರ ಇತ್ತು.”

ಮುಂದಿನವನ ಕುದುರೆ ‘ಬೇರೆ ಕಡೆ ಕೆಲಸವಿದ್ದು ಹೋಗಿತ್ತು.’ ಅದರ ಮುಂದಿನವನು ಹುಲ್ಲಿನ ತೇವ ನೋಡಲು ಮಲಗಿದ್ದನಂತೆ. ಕೆನ್ನೆಯ ಮೇಲೆ ಲಾಳದ ಅಚ್ಚು ಎದ್ದಿದ್ದವನು, ಅದು ಹುಟ್ಟಿನಿಂದಲೇ ಬಂದದ್ದು ಎಂದ. ಮೂರು ಭಾನುವಾರಗಳಲ್ಲಿ ಕಲಿಪಾ ತನ್ನ ಕಣ್ಣಾರೆ ಹತ್ತೊಂಬತ್ತು ಬೀಳುವಿಕೆ ಎಣಿಸಿದ್ದಳು. ಕಾಗದದಲ್ಲಿ ಸೊನ್ನೆ. ನಿಯಮದ ಪ್ರಕಾರ, ಭಾಗವಹಿಸಿದವನು ತನ್ನ ಬಾಯಾರೆ ಹೇಳದ ಪೆಟ್ಟು ಪೆಟ್ಟಲ್ಲ.

ಸೋಮವಾರ ರಾಜಧಾನಿಯಿಂದ ಫೋನು ಬಂತು. ಮನುಷ್ಯರ ಮೇಲೆ ನಡೆಯುವ ಅಧ್ಯಯನಗಳಿಗೆ ಒಪ್ಪಿಗೆ ಕೊಡುವ ಸಮಿತಿಯ ಕಾರ್ಯದರ್ಶಿ ರಿಮ್ಮಾ ಪಾವ್ಲೊವ್ನಾ. ಎಂದೂ ದನಿ ಏರಿಸದ, ಎಂದೂ ಬಿಡದ ಹೆಂಗಸು.

“ಭಾಗಿಗಳ ಪಟ್ಟಿ ನೋಡ್ತಿದೀನಿ, ಡಾಕ್ಟರ್. ಇಪ್ಪತ್ಮೂರನೆಯವರ ಬಗ್ಗೆ ಒಂದು ಪ್ರಶ್ನೆ ಇದೆ.”

ಸವಾರರು ಇದ್ದದ್ದೇ ಇಪ್ಪತ್ತೆರಡು ಮಂದಿ. ಕಲಿಪಾ ತನ್ನ ಪ್ರತಿ ತೆಗೆದು ನೋಡಿದಳು. ಆಟದಲ್ಲಿ ಭಾಗವಹಿಸುವವರನ್ನೆಲ್ಲ ಬರೆದುಕೊಳ್ಳಿ ಎಂದು ಜೆಕ್ಷೆನ್‌ಗೆ ಹೇಳಿದ್ದಳು. ಅವನು ಎಲ್ಲರನ್ನೂ ಬರೆದಿದ್ದ. ‘23. ಹೆಸರು: ಉಲಾಕ್. ವಯಸ್ಸು: ಎರಡು. ಲಿಂಗ: ಗಂಡು. ತಲೆ: ಇಲ್ಲ. ಬಿದ್ದದ್ದು: ಅರವತ್ತೊಂದು ಸಲ.’

“ಅದು ಹೋತ, ರಿಮ್ಮಾ ಪಾವ್ಲೊವ್ನಾ.”

“ಯಾರು ಅಂತ ನಾನು ಕೇಳ್ಲಿಲ್ಲ. ಭಾಗಿಗಳ ಗುರುತು ನೀವು ಹೇಳೋ ಹಾಗಿಲ್ಲ, ನಾನು ಕೇಳೋ ಹಾಗಿಲ್ಲ. ತಲೆ ಹೋಗಿದ್ದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋಕೆ ಮುಂಚೆನಾ, ಆಮೇಲೆನಾ?”

“ಮುಂಚೆ.”

“ಅಂದ್ರೆ ನಮ್ಮ ಅಧ್ಯಯನದಿಂದ ಆದ ಹಾನಿ ಅಲ್ಲ. ಸರಿ. ಹಾಗಾದ್ರೆ ಸಹಿ ಹೇಗೆ ಹಾಕಿದ್ರು?”

ಕಲಿಪಾ ಪತ್ರ ತಿರುಗಿಸಿದಳು. ಸಹಿಯ ಜಾಗದಲ್ಲಿ ನೀಲಿ ಶಾಯಿಯಲ್ಲಿ ಅಚ್ಚುಕಟ್ಟಾಗಿ ಗೊರಸಿನ ಗುರುತು ಒತ್ತಿತ್ತು.

“ಹೆಬ್ಬೆಟ್ಟು,” ಎಂದಳು.

“ಒಳ್ಳೇದು. ಈಗ ನನ್ನ ತೊಂದರೆ ಕೇಳಿ. ನಿಮ್ಮಲ್ಲಿ ಇಪ್ಪತ್ತೆರಡು ಜನಕ್ಕೆ ತಲೆ ಇದೆ, ಅವರು ಬಿದ್ದಿಲ್ಲ. ಒಬ್ಬರು ಅರವತ್ತೊಂದು ಸಲ ಬಿದ್ದಿದಾರೆ, ಅವರಿಗೆ ತಲೆ ಇಲ್ಲ. ನೀವು ಮಾಡ್ತಿರೋದು ಯಾರ ತಲೆಪೆಟ್ಟಿನ ಅಧ್ಯಯನ?”

ಕಲಿಪಾ ಇಪ್ಪತ್ಮೂರನೆಯವರು ಅಧ್ಯಯನದಿಂದ ಹಿಂದೆ ಸರಿದಿದ್ದಾರೆ ಎಂದು ಬರೆದುಕೊಡಬೇಕಾಯಿತು. ಕಾರಣ ಎಂಬ ಕಲಮಿನಲ್ಲಿ ಜೆಕ್ಷೆನ್ ‘ಊಟ’ ಎಂದು ತುಂಬಿಸಿದ. ಅಲ್ಲಿಗೆ ಆ ಕಡತ ಮುಚ್ಚಿತು. ಆದರೆ ಅಕ್ಟೋಬರ್ ಕೊನೆಯೊಳಗೆ ಒಪ್ಪಿಕೊಂಡ ಪೆಟ್ಟು ಇಪ್ಪತ್ತಾದರೂ ಇರಬೇಕು, ಇಲ್ಲದಿದ್ದರೆ ಅಧ್ಯಯನ ನಿಲ್ಲಿಸಬೇಕೆಂದು ಸಮಿತಿ ಗಡುವು ಹಾಕಿತು.

ನಾಲ್ಕನೆಯ ಭಾನುವಾರ ತೈಲಾಕ್ ಕೆಳಗೆ ಬಂದ. ಅವನ ಕಂದು ಕುದುರೆ ಗುಂಡಿಯ ಅಂಚಿಗೆ ಎಡವಿತು. ಅವನು ಅದರ ಕುತ್ತಿಗೆಯ ಮೇಲಿಂದ ಹಾರಿ, ಕಟ್ಟೆಯ ಮಣ್ಣಿಗೆ ನೆತ್ತಿ ಬಡಿದು, ಎರಡು ನಿಮಿಷ ಅಲುಗಾಡಲಿಲ್ಲ. ಆಮೇಲೆ ಎದ್ದು, ಎದುರಾಳಿ ತಂಡದವನ ಕುದುರೆ ಹತ್ತಿ, ತನ್ನದೇ ಗುಂಡಿಯ ಕಡೆಗೆ ಓಡಿಸಿದ. ಜನ ಅದನ್ನು ತಂತ್ರವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಮರುದಿನ ಬೆಳಿಗ್ಗೆ ಕಲಿಪಾ ಅಣ್ಣನ ಮನೆಗೆ ಹೋದಾಗ ಅತ್ತಿಗೆ ಗುಲ್ಸುನ್ ಬಾಗಿಲಲ್ಲೇ ತಡೆದಳು. ಅವಳ ಕಣ್ಣು ಕೆಂಪಾಗಿದ್ದವು.

“ನೋಡು ಕಲಿಪಾ, ನಾನು ಹೇಳ್ದೆ ಅಂತ ಹೇಳ್ಬೇಡ. ಬೆಳಿಗ್ಗೆ ಚಹಾಕ್ಕೆ ಬೆಣ್ಣೆ ಬದಲು ಸಾಬೂನು ಹಾಕ್ಕೊಂಡ. ನನ್ನ ಕಂದು ಅಂತ ಕರ್ದ.”

“ಕಂದು ಅಂದ್ರೆ ಕುದುರೆ ಅಲ್ವಾ, ಜೆಂಗೆ?” ಎಂದು ಅತ್ತಿಗೆಯನ್ನು ಕೇಳಿದಳು ಕಲಿಪಾ.

“ಹೂಂ. ಕರ್ದು, ಹಲ್ಲು ತೋರ್ಸು ಅಂದ.”

ಒಳಗೆ ತೈಲಾಕ್ ದಿಂಬಿಗೊರಗಿ ಕುಳಿತಿದ್ದ. ತಂಗಿಯನ್ನು ನೋಡಿ ಹುಬ್ಬು ಗಂಟಿಕ್ಕಿದ.

“ಇಬ್ಬಿಬ್ರು ಯಾಕೆ ಬಂದ್ರಿ? ಒಬ್ಳು ಸಾಲ್ದಾ?”

ಕಲಿಪಾ ಅವನ ಎದುರು ಕುಳಿತಳು. ಹಿಂದೆ ಯಾರೂ ಇರಲಿಲ್ಲ. “ಬೈಕೆ,” ಎಂದಳು ಅಣ್ಣನಿಗೆ, “ನಿಂಗೆ ಪೆಟ್ಟಾಗಿದೆ. ತಲೆಯೊಳಗೆ ಉರಿ ಎದ್ದಿದೆ. ಮೂರು ವಾರ ಕುದುರೆ ಹತ್ಬೇಡ.”

“ಮುಂದಿನ ಭಾನುವಾರ ಕಿಜಿಲ್-ಸಾಯಿಯವರು ಬರ್ತಾರೆ. ನಾನಿಲ್ದೆ ಯಾರು ಆಡ್ತಾರೆ, ನಿನ್ನ ಇಲಿಗಳಾ?”

“ಇನ್ನೊಂದು ಸಲ ಬಿದ್ರೆ...”

“ಬಿದ್ರೆ ಅಂದ್ರೆ ಏನು ಅರ್ಥ? ಮೊದಲು ಯಾವತ್ತು ಬಿದ್ದಿದೀನಿ? ಐದನೇ ವಯಸ್ಸಲ್ಲಿ ಕುದುರೆ ಹತ್ತಿದೋನು ನಾನು. ನಮ್ಮ ಅಪ್ಪ ಬಿದ್ದಿಲ್ಲ. ತಾತ ಬಿದ್ದಿಲ್ಲ.”

ತಾತ ಸತ್ತದ್ದೇ ಕುದುರೆಯಿಂದ ಬಿದ್ದು. ಕಲಿಪಾ ಆ ಮಾತೆತ್ತಲಿಲ್ಲ. ಸಿಟ್ಟಿಗಿಂತ ಹೆಚ್ಚಾಗಿ ಅವಳಿಗೆ ಹೆದರಿಕೆಯಾಗಿತ್ತು. ಅಣ್ಣನ ಎಡಗಣ್ಣಿನ ಪಾಪೆ ಬಲಗಣ್ಣಿನದಕ್ಕಿಂತ ಒಂಚೂರು ನಿಧಾನವಾಗಿ ಕಿರಿದಾಗುತ್ತಿತ್ತು. ಅವನನ್ನು ಎಳೆದುಕೊಂಡು ಹೋಗಿ ಜಿಲ್ಲಾ ಆಸ್ಪತ್ರೆಯಲ್ಲಿ ತಲೆಯ ಚಿತ್ರ ತೆಗೆಸಿದಳು. ತಲೆನೋವಿನ ಮಾತ್ರೆ ತರಲು ಹೋಗುತ್ತಿದ್ದೇವೆಂದು ಸುಳ್ಳು ಹೇಳಿ. ರಕ್ತ ಸೋರಿರಲಿಲ್ಲ, ಪುಣ್ಯ. ಆದರೆ ಚಿತ್ರದಲ್ಲಿ ಉರಿಯೂತ ಕಾಣುವುದಿಲ್ಲ. ಬರುವಾಗ ವ್ಯಾನಿನಲ್ಲಿ, ಸೋತ ದನಿಯಲ್ಲಿ ಕೇಳಿದಳು:

“ಸರಿ, ನೀನು ಬೀಳ್ಲಿಲ್ಲ. ಹಾಗಾದ್ರೆ ನಿನ್ನೆ ಏನಾಯ್ತು? ನೀನೇ ಹೇಳು.”

ತೈಲಾಕ್ ಕಿಟಕಿಯಾಚೆ ನೋಡುತ್ತಾ ಹಣೆ ಉಜ್ಜಿಕೊಂಡ. ಪಾಪ, ನಿಜವಾಗಿಯೂ ನೆನಪಿಸಿಕೊಳ್ಳಲು ಒದ್ದಾಡುತ್ತಿದ್ದ.

“ನಾನು ಕುದುರೆ ಮೇಲಿದ್ದೆ,” ಎಂದ. “ಆಗ ನೆಲ ಮೇಲೆ ಬಂತು.”

“ಮೇಲೆ ಬಂತಾ?”

“ಬಂದು ಹೊಡೀತು.”

ಕಲಿಪಾ ಆ ಸಂಜೆಯೇ ಏಳನೆಯ ಪ್ರಶ್ನೆ ಹೊಡೆದುಹಾಕಿದಳು. ಅದರ ಜಾಗದಲ್ಲಿ ಹೊಸದು ಬರೆದಳು: ‘ಈ ತಿಂಗಳು ನೆಲ ನಿಮ್ಮ ಮೇಲೆ ಬಂದಿದೆಯೇ? ಬಂದು ಎಲ್ಲಿ ಹೊಡೆಯಿತು?’

ಮಂಗಳವಾರ ಬೆಳಿಗ್ಗೆ ವ್ಯಾನಿನ ಮುಂದೆ ಸಾಲು ಅಂಗಡಿಯವರೆಗೆ ಬೆಳೆದಿತ್ತು. ಇಪ್ಪತ್ತೆರಡು ಸವಾರರೂ ಬಂದರು. ನೆಲ ಒಬ್ಬನ ಕಿವಿಗೆ, ಒಬ್ಬನ ಹಿಂದಲೆಗೆ, ಒಬ್ಬನಿಗೆ ಒಂದೇ ಭಾನುವಾರ ಮೂರು ಸಲ ಹೊಡೆದಿತ್ತು. ಲಾಳದ ಅಚ್ಚಿನವನು, ನೆಲ ಲಾಳ ಹಾಕಿಕೊಂಡು ಬಂದಿತ್ತು ಎಂದ. ಸವಾರರ ಹಿಂದೆ ಅಂಚೆಯವನು ಬಂದ, ಅಂಗಡಿಯ ಹೆಂಗಸು ಬಂದಳು, ಮಸೀದಿಯ ಮೆಟ್ಟಿಲಲ್ಲಿ ನೆಲ ಎದ್ದುಬಂದ ಮುಲ್ಲಾ ಬಂದರು. ಅತ್ತಿಗೆ ಗುಲ್ಸುನ್ ಕೂಡ ಬಂದಳು. ಹೋದ ಚಳಿಗಾಲ ನಲ್ಲಿಯ ಹತ್ತಿರದ ಮಂಜಿನಲ್ಲಿ ಅವಳ ಮೇಲೂ ಬಂದಿತ್ತಂತೆ. ಇನ್ನೂ ಕೆಲವರು ಸೇರಿ ಒಟ್ಟು ಮೂವತ್ತೇಳು ಮಂದಿ. ಕಲಿಪಾ ಎಲ್ಲರ ರಕ್ತ ತೆಗೆದಳು. ನರತಂತು ಹರಿದಾಗ ರಕ್ತಕ್ಕೆ ಸೋರುವ ಒಂದು ಪ್ರೋಟೀನ್ ಇದೆ. ಅದು ಸುಳ್ಳು ಹೇಳುವುದಿಲ್ಲ. ಮಂಜುಗಡ್ಡೆಯ ಪೆಟ್ಟಿಗೆ ತುಂಬಿತು. ಅವಳ ಕಣ್ಣೂ ತುಂಬಿದ್ದವು.

ಪ್ರತಿ ಕಾಗದಕ್ಕೂ ಊರ ಹಿರಿಯರೊಬ್ಬರ ಸಾಕ್ಷಿ ಸಹಿ ಬೇಕಿತ್ತು. ಹಾಗಾಗಿ ಮೂವತ್ತೇಳನ್ನೂ ಎತ್ತಿಕೊಂಡು ಒಸ್ಮೊನಾಲಿ ಅಕ್ಸಾಕಾಲರ ಮನೆಗೆ ಹೋದಳು. ಎಂಬತ್ತೊಂದು ವರ್ಷದ ಬಿಳಿಗಡ್ಡದ ಅಜ್ಜ; ಅಂಥ ಹಿರಿಯರನ್ನೇ ಅಲ್ಲಿ ಅಕ್ಸಾಕಾಲ ಎನ್ನುವುದು. ಊರ ಹಿರಿಯರ ನ್ಯಾಯಮಂಡಳಿಗೆ ಮುಖ್ಯಸ್ಥ. ಬೇಲಿ, ಕಾಲುವೆ ನೀರು, ಗಂಡಹೆಂಡಿರ ಜಗಳ, ಎಲ್ಲ ಅವರ ಮುಂದೆಯೇ ತೀರುತ್ತಿದ್ದವು. ಉಳಿದವರಾಗಿದ್ದರೆ ಓದದೆ ಸಹಿ ಹಾಕುತ್ತಿದ್ದರು. ಒಸ್ಮೊನಾಲಿ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದರು. ಎರಡು ಹೂಜಿ ಚಹಾ ಮುಗಿಯಿತು.

“ಮಗಳೇ,” ಎಂದರು, “ಇದೇನು ಸಣ್ಣ ವಿಷಯ ಅಲ್ಲ.”

“ಅಲ್ಲ, ಅತಾ. ಮಿದುಳಿಗೆ...”

“ಮಿದುಳು ನಂಗೊತ್ತಿಲ್ಲ. ಒಬ್ಬನ ಮೇಲೇನೇ ಮೂವತ್ತೇಳು ಜನ ಹೆಸರು ಹಾಕಿ, ಸಹಿ ಹಾಕಿ, ದೂರು ಕೊಟ್ಟಿದಾರೆ. ಹೋದ ವರ್ಷ ಕುರಿ ಕದ್ದೋನ ಮೇಲೂ ಇಷ್ಟು ಬಂದಿರ್ಲಿಲ್ಲ.”

“ದೂರಲ್ಲ ಅತಾ, ಇದು ನಮೂನೆ...”

“‘ಬಂದು ಎಲ್ಲಿ ಹೊಡೆಯಿತು’ ಅಂತ ನೀನೇ ಬರ್ದಿದೀಯ. ಹೊಡೆದದ್ದು ದೂರಲ್ದೆ ಮತ್ತೇನು? ಸಹಿ ಹಾಕಿದ ದೂರನ್ನ ವಿಚಾರಣೆ ಮಾಡ್ದೆ ಮಡಚಿಟ್ರೆ ನಾಳೆ ನನ್ನ ಗಡ್ಡಕ್ಕೆ ಏನು ಬೆಲೆ? ಗುರುವಾರ ಬೆಳಿಗ್ಗೆ ಆಟದ ಮೈದಾನದಲ್ಲೇ ಮಂಡಳಿ ಸೇರುತ್ತೆ. ಆರೋಪಿ ಬೇರೆ ಕಡೆ ಬರೋ ಹಾಗಿಲ್ವಲ್ಲ.”

ಗುರುವಾರ ಬಿಸಿಲಿತ್ತು, ಗಾಳಿ ತಣ್ಣಗಿತ್ತು. ಮೈದಾನದ ನಡುವೆ ಕಂಬಳಿ ಹಾಸಿ ಐದು ಮಂದಿ ಹಿರಿಯರು ಕುಳಿತರು. ಊರಿಗೆ ಊರೇ ಸುತ್ತ ನೆರೆದಿತ್ತು. ನೆಲದ ಪರವಾಗಿ ಮಾತಾಡುವವರು ಯಾರು ಎಂಬ ಪ್ರಶ್ನೆ ಬಂತು. ಊರಿನವರೆಲ್ಲ ದೂರುದಾರರು ಅಥವಾ ಅವರ ನೆಂಟರು. ಹೊರಗಿನವನೆಂದರೆ ಜೆಕ್ಷೆನ್ ಒಬ್ಬನೇ. ಅವನು ಟೋಪಿ ಸರಿಮಾಡಿಕೊಂಡು ಎದ್ದುನಿಂತ. ಅವನ ಮುಖದಲ್ಲಿ ನಗುವಿನ ಸುಳಿವಿರಲಿಲ್ಲ.

“ಆರೋಪಿ ಹಾಜರಿದೆಯಾ?” ಎಂದು ಒಸ್ಮೊನಾಲಿ ಮೂರು ಸಲ ಕೇಳಿದರು. ಎಲ್ಲರೂ ತಂತಮ್ಮ ಕಾಲ ಕೆಳಗೆ ನೋಡಿಕೊಂಡರು. ಹಾಜರಿದೆ ಎಂದು ಬರೆದುಕೊಂಡರು.

ಮೊದಲ ಸವಾರ ಸಾಕ್ಷಿ ಹೇಳಿದ. ಜೆಕ್ಷೆನ್ ಅವನನ್ನು ಬಿಡಲಿಲ್ಲ.

“ನೆಲ ಮೇಲೆ ಬಂದಾಗ ನಿಮ್ಮ ಕುದುರೆ ಎಲ್ಲಿತ್ತು?”

“ಅಲ್ಲೇ ಪಕ್ಕದಲ್ಲಿ.”

“ಕುದುರೆಗ್ಯಾಕೆ ಹೊಡೀಲಿಲ್ಲ?”

“ಅದಕ್ಕೂ ಕುದುರೆಗೂ ಜಗಳ ಇಲ್ಲ.”

“ನಿಮಗೂ ನೆಲಕ್ಕೂ ಏನು ಜಗಳ?”

ಸವಾರ ಸ್ವಲ್ಪ ಯೋಚಿಸಿದ. “ಏನೂ ಇರ್ಲಿಲ್ಲ. ಅದೇ ನಂಗೂ ಬೇಜಾರು. ಆವತ್ತಿಂದ ಬೆಳಿಗ್ಗೆ ಎದ್ರೆ ವಾಂತಿ. ಬೆಳಕು ಕಂಡ್ರೆ ಆಗಲ್ಲ. ಹೆಂಡ್ತಿ ಪಾತ್ರೆ ಇಟ್ರೆ ತಲೆಯೊಳಗೆ ಗುಂಡು ಹೊಡೆದ ಹಾಗಾಗುತ್ತೆ.”

ಕಲಿಪಾ ತಲೆಯೆತ್ತಿದಳು. ಈ ಮಾತನ್ನು ಅವನ ಬಾಯಿಂದ ಹೊರಡಿಸಲು ನಾಲ್ಕು ಭಾನುವಾರ ಹೆಣಗಿದ್ದಳು. ಅವಸರದಲ್ಲಿ ಲೇಖನಿ ಸಿಗದೆ ಅಂಗಡಿಯವಳ ಪೆನ್ಸಿಲ್ ಕಿತ್ತುಕೊಂಡು ಬರೆಯತೊಡಗಿದಳು. ಒಬ್ಬರ ಹಿಂದೆ ಒಬ್ಬರು ಎದ್ದರು. ತಮ್ಮ ಕಾಯಿಲೆ ಹೇಳಿಕೊಳ್ಳಲು ಬಂದವರಲ್ಲ ಅವರು; ನೆಲದ ದುಷ್ಟತನ ಸಾಬೀತು ಮಾಡಲು ಬಂದವರು. ಹಾಗಾಗಿ ಏನನ್ನೂ ಮುಚ್ಚಿಡಲಿಲ್ಲ. ಒಬ್ಬನಿಗೆ ವಾಸನೆಯೇ ಹತ್ತುತ್ತಿರಲಿಲ್ಲ. ಒಬ್ಬ ಮೂರು ಸಲ ಮನೆಯ ದಾರಿ ತಪ್ಪಿ ಅದೇ ಪಕ್ಕದ ಮನೆಗೆ ಹೋಗಿ ಊಟ ಮಾಡಿದ್ದ. ಪಕ್ಕದ ಮನೆಯವರೂ ಅದೇ ಹೊತ್ತಿಗೆ ಎದ್ದು ದೂರು ಹೇಳಿದರು.

ಕೊನೆಗೆ ತೈಲಾಕ್ ಎದ್ದ. ಟೋಪಿ ಕೈಯಲ್ಲಿತ್ತು.

“ನನ್ನ ಮೇಲೆ ಅದು ಏಳು ಸಲ ಬಂದಿದೆ,” ಎಂದ. “ಈ ವರ್ಷದ್ದಲ್ಲ. ಎಲ್ಲ ಸೇರಿ. ಮೊದಲನೇದು ನಂಗೆ ಹತ್ತೊಂಬತ್ತು ವರ್ಷ ಇದ್ದಾಗ.”

ಅವನು ಟೋಪಿಯನ್ನು ಇನ್ನೊಂದು ಕೈಗೆ ಬದಲಿಸಿದ.

“ಹೋದ ವಸಂತದಲ್ಲಿ ಒಂದಿನ ಲಾಯದೊಳಗೆ ನಿಂತಿದ್ದೆ. ಕೈಯಲ್ಲಿ ಬಕೆಟ್ ಇತ್ತು. ಯಾಕೆ ಬಂದೆ ಅಂತ ಗೊತ್ತಿಲ್ಲ. ಬಕೆಟ್ ಏನಕ್ಕೆ ಅಂತ ಗೊತ್ತಿಲ್ಲ. ಮಧ್ಯಾಹ್ನದವರೆಗೂ ಹಾಗೇ ನಿಂತಿದ್ದೆ. ಯಾರನ್ನಾದ್ರೂ ಕರೀಬೇಕು ಅನ್ಸ್ತು. ಯಾರನ್ನ ಅಂತ ಹೆಸರು ಬರ್ಲಿಲ್ಲ.” ಅವನು ಗುಲ್ಸುನ್ ಕಡೆ ನೋಡಲಿಲ್ಲ. “ಇಪ್ಪತ್ತೈದು ವರ್ಷ ಒಟ್ಟಿಗಿದ್ದ ಹೆಸರು. ಅದನ್ನ ಈ ನೆಲ ಕಿತ್ಕೊಂಡಿತ್ತು. ಆಮೇಲೆ ವಾಪಸ್ ಬಂತು. ಆದ್ರೆ ನಾನು ಯಾರ್ಗೂ ಹೇಳ್ಲಿಲ್ಲ.”

ಗುಲ್ಸುನ್ ತಲೆವಸ್ತ್ರದ ತುದಿ ಬಾಯಿಗೆ ಒತ್ತಿಕೊಂಡಳು. ಕಲಿಪಾಳ ಪೆನ್ಸಿಲ್ ನಿಂತುಹೋಗಿತ್ತು. ಜೆಕ್ಷೆನ್ ಪ್ರಶ್ನೆ ಕೇಳಲೆಂದು ಬಾಯಿ ತೆರೆದವನು, ಮುಚ್ಚಿಕೊಂಡು, ಆರೋಪಿಯ ಪರವಾಗಿ ಏನೂ ಕೇಳುವುದಿಲ್ಲ ಎಂದ.

ಹಿರಿಯರು ಪಿಸುಮಾತಿನಲ್ಲಿ ಚರ್ಚಿಸಿದರು. ಒಸ್ಮೊನಾಲಿ ಕಲಿಪಾಳನ್ನು ಕರೆದರು.

“ಮಗಳೇ, ನೀನು ಓದಿದವಳು. ಇಂಥ ರೋಷ ತಣಿಯೋಕೆ ಎಷ್ಟು ದಿನ ಬೇಕು?”

ಯಾರ ರೋಷ ಎಂದು ಅವರು ಹೇಳಲಿಲ್ಲ. ಅವಳೂ ಕೇಳಲಿಲ್ಲ. “ಮೂರು ವಾರ, ಅತಾ. ಆ ಮೂರು ವಾರದಲ್ಲಿ ಇನ್ನೊಂದು ಸಲ ಹಾಗಾಗ್ಲೇಬಾರದು.”

ಜೆಕ್ಷೆನ್ ಕೈಯೆತ್ತಿದ. “ಆರೋಪಿ ವಯಸ್ಸಾದದ್ದು. ಇದಕ್ಕೆ ಮುಂಚೆ ಯಾವ ಶಿಕ್ಷೇನೂ ಆಗಿಲ್ಲ. ಮೊದಲನೇ ತಪ್ಪು ಅಂತ...”

“ಮೂವತ್ತೇಳನೇದು,” ಎಂದರು ಒಸ್ಮೊನಾಲಿ. ತೀರ್ಪು ಅಲ್ಲೇ ಆಯಿತು: ತೆರೆಕ್-ಬಾಶಿಯ ಆಟದ ನೆಲ ಮೂರು ವಾರ ಒಂಟಿಯಾಗಿರಬೇಕು. ಗೊರಸು ತಾಗಬಾರದು, ಬೂಟು ತಾಗಬಾರದು. ದೂರುದಾರರು ಯಾರೂ ಅದರ ಹತ್ತಿರ ಸುಳಿಯಬಾರದು, ಕುದುರೆಯ ಮೇಲಂತೂ ಕೂಡದು, ಸೇಡಿನ ಭಯವಿದೆ.

ಭಾನುವಾರ ಕಿಜಿಲ್-ಸಾಯಿಯವರು ಎರಡು ಲಾರಿ ಕುದುರೆಗಳ ಜೊತೆ ಬಂದಿಳಿದರು. ಮೈದಾನದ ಸುತ್ತ ಹಗ್ಗ ಕಟ್ಟಿತ್ತು. ಅವರ ನಾಯಕ, ಮೂಗು ಎರಡು ಕಡೆ ಮುರಿದ ದಢೂತಿ ಆಳು, ಹಗ್ಗದ ಮುಂದೆ ನಿಂತು ಕೂಗಾಡಿದ.

“ಹೆದ್ರಿಕೊಂಡ್ರಾ? ಹೆದರಿದ್ರೆ ಹೇಳಿ, ನಮ್ಮ ಅಜ್ಜಿಯಂದ್ರನ್ನ ಕಳಿಸ್ತೀವಿ!”

“ನಾವು ಸಿದ್ಧ,” ಎಂದರು ಒಸ್ಮೊನಾಲಿ. “ನೆಲ ಶಿಕ್ಷೆಯಲ್ಲಿದೆ.”

“ಹಾಗಾದ್ರೆ ನಮ್ಮ ನೆಲಕ್ಕೆ ಬನ್ನಿ!”

“ಆಗಲ್ಲ ಮಗನೇ. ಆ ನೆಲ, ಈ ನೆಲ ಒಂದೇ ಮನೆತನ. ನಡುವೆ ಬೇಲಿ ಇದೆಯಾ, ಹೊಳೆ ಇದೆಯಾ? ಇಲ್ಲಿ ಸಾಕ್ಷಿ ಹೇಳಿದವರನ್ನ ಅಲ್ಲಿ ಅದ್ರ ತಮ್ಮನ ಕೈಗೆ ಹೇಗೆ ಒಪ್ಪಿಸ್ಲಿ?”

ದಢೂತಿ ಆಳು ಬೆಟ್ಟದವರೆಗೆ ಕಣ್ಣು ಹಾಯಿಸಿದ. ನಡುವೆ ಏನೂ ಇರಲಿಲ್ಲ. ಅವನ ಜನ ಕುದುರೆಗಳನ್ನು ಮತ್ತೆ ಲಾರಿ ಹತ್ತಿಸುತ್ತಿರುವಾಗ, ಅವನು ಸುಮ್ಮನೆ ಓಡಾಡುವವನಂತೆ ವ್ಯಾನಿನ ಬಳಿ ಬಂದು ದನಿ ತಗ್ಗಿಸಿದ.

“ಎಜೆ, ಆ ಕಾಗದ ಇನ್ನೂ ಉಳಿದಿದಾವಾ? ನಮ್ಮ ಕಡೆ ನೆಲಾನೂ ಸರಿಯಿಲ್ಲ.”

ಆ ಮೂರು ವಾರ ತೆರೆಕ್-ಬಾಶಿಯ ಗಂಡಸರು ಮನೆಯಲ್ಲಿದ್ದರು. ಅಭ್ಯಾಸವಿಲ್ಲದ ಕೆಲಸ. ಕಲಿಪಾ ಹೇಳಿದಂತೆ ಹೊತ್ತಿಗೆ ಸರಿಯಾಗಿ ಮಲಗಿದರು, ವೋಡ್ಕಾ ಮುಟ್ಟಲಿಲ್ಲ, ಕತ್ತಲೆ ಕೋಣೆಯಲ್ಲಿ ಕುಳಿತು ಗೋಡೆ ನೋಡಿದರು. ಹೆಂಗಸರಲ್ಲಿ, ನೆಲಕ್ಕೆ ಇನ್ನೂ ಹೆಚ್ಚು ಶಿಕ್ಷೆ ಕೊಡಬೇಕಿತ್ತೆಂದು ಕೆಲವರು, ಇಷ್ಟೇ ಸಾಕಪ್ಪ, ಇವರನ್ನು ಹೊರಗೆ ಕಳಿಸಿ ಎಂದು ಕೆಲವರು ಹೇಳಿದರು. ವಾರಕ್ಕೆರಡು ಸಲ ಕಲಿಪಾ ರಕ್ತ ತೆಗೆದಳು.

ಸಮಿತಿಯಿಂದ ಮತ್ತೆ ಫೋನು ಬಂತು. ‘ನೆಲ ಮೇಲೆ ಬರುವುದು’ ಎಂಬುದು ಸ್ಥಳೀಯ ಅಳತೆಯೆಂದು ಸಮಿತಿ ಒಪ್ಪಿದೆ. ಆದರೆ ಎಷ್ಟು ಸೆಂಟಿಮೀಟರ್ ಮೇಲೆ ಬಂತೆಂದು ನಮೂದಿಸಿಲ್ಲ ಎಂದಳು ರಿಮ್ಮಾ ಪಾವ್ಲೊವ್ನಾ. ಜೆಕ್ಷೆನ್ ಅಳತೆಯ ಪಟ್ಟಿ ಹಿಡಿದು ಹೋಗಿ, ದೂರು ಕೊಡದವರನ್ನು ಕುದುರೆಗಳ ಮೇಲೆ ಕೂರಿಸಿ, ನೆತ್ತಿಯಿಂದ ನೆಲದವರೆಗೆ ಅಳೆದು ತಂದ. ಸರಾಸರಿ ಇನ್ನೂರ ನಲವತ್ತು. ಕಲಿಪಾ ಆ ಅಂಕಿಯನ್ನು ನೋಡುತ್ತಾ ಕುಳಿತಳು. ಊರಿಗೆ ಬಂದಂದಿನಿಂದ ಅವಳಿಗೆ ಬೇಕಾಗಿದ್ದ, ಯಾರನ್ನೂ ಕೇಳಲಾಗದ ಅಂಕಿ ಅದು: ಬಿದ್ದ ಎತ್ತರ. ಸಮಿತಿಯವರು ಬಹಳ ಮೆಚ್ಚಿಕೊಂಡರು.

ರಕ್ತದ ಫಲಿತಾಂಶ ನವೆಂಬರ್ ಮೊದಲ ವಾರ ಬಂತು. ಸವಾರರಲ್ಲಿ ಹತ್ತೊಂಬತ್ತು ಮಂದಿಯ ಉರಿ ಹದಿನೆಂಟನೆಯ ದಿನಕ್ಕೆ ಇಳಿದಿತ್ತು. ಇಬ್ಬರದು ಸ್ವಲ್ಪ ತಡವಾಗಿ ಇಳಿಯಿತು. ಇಳಿಯದೆ ಉಳಿದದ್ದು ಒಬ್ಬನದು. ಕಲಿಪಾ ಆ ಕಾಗದವನ್ನು ನಾಲ್ಕು ಸಲ ಓದಿದಳು. ಸಂಖ್ಯೆ ಒಂದರ ಎದುರು ಬರೆದ ಅಂಕಿ ಬದಲಾಗಲಿಲ್ಲ.

ಅಣ್ಣನನ್ನು ಲಾಯದಲ್ಲಿ ಕಂಡಳು. ಅವನು ಕಂದು ಕುದುರೆಯ ಮೈ ಉಜ್ಜುತ್ತಿದ್ದ.

“ಬೈಕೆ, ನಿಂದು ಆರಿಲ್ಲ.”

“ಇನ್ನೂ ಮೂರು ವಾರ ಇರ್ತೀನಿ ಬಿಡು. ಅಭ್ಯಾಸ ಆಗಿದೆ.”

“ಮೂರು ವಾರದ ಮಾತಲ್ಲ. ಏಳು ಸಲ ಉರಿದಿದೆ. ಈಗ ಅದು ಪೆಟ್ಟಿಲ್ದೆನೂ ಉರಿಯುತ್ತೆ. ಎಂಟನೇದು ಬಂದ್ರೆ ನಂಗೆ ಏನೂ ಮಾಡೋಕಾಗಲ್ಲ. ಇಲಿಗಳಿಗೆ ಒಂದು ಔಷಧಿ ಕೊಡ್ತಿದೀನಿ, ಕೆಲವಕ್ಕೆ ಗುಣ ಆಗ್ತಿದೆ. ಮನುಷ್ಯರಿಗೆ ಬರೋಕೆ ಇನ್ನೂ ಹತ್ತು ವರ್ಷ.”

ತೈಲಾಕ್ ಉಜ್ಜುವುದನ್ನು ನಿಲ್ಲಿಸಲಿಲ್ಲ. ಕುದುರೆಯ ಬೆನ್ನಿನಿಂದ ಧೂಳು ಎದ್ದು ಬಿಸಿಲಿನ ಪಟ್ಟಿಯಲ್ಲಿ ತೇಲಿತು.

“ಹತ್ತು ವರ್ಷದವರೆಗೆ ಇರೋ ನರಗಳನ್ನ ಹಾಗೇ ಇಟ್ಕೋಬೇಕು ಅಂತೀಯ.”

“ಹೂಂ. ಅಷ್ಟೇ ಕೇಳ್ಕೊಳ್ತಿರೋದು.”

“ನನ್ನ ಕೇಳ್ಬೇಡ. ಗುಲ್ಸುನ್‌ಗೆ ಹೇಳು. ನಾನು ಮರೀತೀನಿ, ಅವಳು ಮರೆಯಲ್ಲ.” ಆಮೇಲೆ ಕುದುರೆಯ ಕುತ್ತಿಗೆ ತಟ್ಟುತ್ತಾ: “ಕಂದು ಇನ್ನೂ ಚಿಕ್ಕದು. ಆ ಲಾಳದ ಕೆನ್ನೆಯವನಿಗೆ ಕೊಟ್ರೆ ಓಡಿಸ್ತಾನೆ. ಕೈ ಒರಟು, ಆದ್ರೆ ಕುದುರೆಗೆ ಹೊಡೆಯಲ್ಲ.”

ಕಲಿಪಾ ಅವನ ಹೆಗಲ ಮೇಲೆ ಕೈಯಿಡಲು ಹೋಗಿ, ಕುದುರೆಯ ಮೇಲೆ ಇಟ್ಟಳು. ಅವರ ಮನೆತನದಲ್ಲಿ ಅಷ್ಟೇ ರೂಢಿ.

ನೆಲದ ಶಿಕ್ಷೆ ಮುಗಿದ ದಿನ ಹಗ್ಗ ಬಿಚ್ಚಿದರು. ಹಿರಿಯರು ಅದಕ್ಕೆ ಬುದ್ಧಿ ಹೇಳಿ ಬಿಟ್ಟರು. ಹೊಸ ನಿಯಮವೊಂದು ಬಂತು: ಯಾರ ಮೇಲೆ ನೆಲ ಬಂದರೂ ಅವನು ಆ ಕೂಡಲೇ ಆಟದಿಂದ ಹೊರಗೆ, ಮೂರು ವಾರ ನೆಲಕ್ಕೂ ಅವನಿಗೂ ಮಾತುಕತೆಯಿಲ್ಲ. ಬಂತೋ ಇಲ್ಲವೋ ಎಂದು ಹೇಳುವ ಅಧಿಕಾರ ತೈಲಾಕನದು. ಅವನು ಮೈದಾನದ ಅಂಚಿನಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಯಾರ ಮುಲಾಜೂ ನೋಡುತ್ತಿರಲಿಲ್ಲ. ಚಳಿಗಾಲ ಮುಗಿಯುವುದರೊಳಗೆ ಸುತ್ತಲಿನ ಆರು ಊರುಗಳಲ್ಲಿ ನೆಲದ ಮೇಲೆ ತೀರ್ಪಾಯಿತು. ಒಂದು ಊರಿನ ನೆಲ ಮೇಲ್ಮನವಿ ಸಲ್ಲಿಸಿತೆಂದು ಜೆಕ್ಷೆನ್ ಹೇಳುತ್ತಿದ್ದ. ಯಾರ ಮೂಲಕ ಎಂದು ಮಾತ್ರ ಹೇಳಲಿಲ್ಲ.

ಕಲಿಪಾ ರಾಜಧಾನಿಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ತೈಲಾಕ್ ಕುರಿ ಕಡಿದ. ಹಿರಿಯರೆಲ್ಲ ಬಂದು ಕುಳಿತಿದ್ದರು. ಬೇಯಿಸಿದ ಕುರಿತಲೆಯನ್ನು ತಟ್ಟೆಯಲ್ಲಿಟ್ಟು ತಂದಾಗ ಅದು ಎಂದಿನಂತೆ, ಹಿರಿಯರಿಗೆ ಸಲ್ಲುವ ಮರ್ಯಾದೆಯಾಗಿ, ಒಸ್ಮೊನಾಲಿಯವರ ಮುಂದೆ ಹೋಯಿತು. ಅವರು ಅದನ್ನು ಒಮ್ಮೆ ತಿರುಗಿಸಿ ನೋಡಿ, ಕಲಿಪಾಳ ಮುಂದೆ ತಳ್ಳಿದರು. ಕೋಣೆಯಲ್ಲಿ ಒಬ್ಬಿಬ್ಬರು ಕೆಮ್ಮಿದರು. ಹೆಂಗಸಿನ ಮುಂದೆ ತಲೆ ಇಟ್ಟದ್ದನ್ನು ಆ ಮನೆ ಕಂಡಿರಲಿಲ್ಲ.

“ಅವಳ ಕಸುಬು ಅದು,” ಎಂದರು ಒಸ್ಮೊನಾಲಿ. “ಎಲ್ಲಿ ಕುಯ್ಬೇಕು ಅಂತ ನಮಗಿಂತ ಚೆನ್ನಾಗಿ ಗೊತ್ತು.”

ಕಲಿಪಾ ಚಾಕು ತೆಗೆದುಕೊಂಡಳು. ಕಿವಿ ಕೊಯ್ದು ಪಕ್ಕದಲ್ಲಿದ್ದವರಿಗೆ ಹಂಚಿದಳು, ಕೆನ್ನೆಯ ಮಾಂಸ ಬಿಡಿಸಿ ತಟ್ಟೆ ಮುಂದೆ ದಾಟಿಸಿದಳು. ಸಾರಿನ ಹಬೆಯೇರಿತು. ಮಾತು ಹುಲ್ಲಿನ ಕಡೆಗೆ ಹೊರಳಿತು: ಈ ವರ್ಷ ಎರಡನೆಯ ಕೊಯ್ಲು ಚೆನ್ನಾಗಿ ಬಂದಿರಲಿಲ್ಲ, ಮೇಲಿನ ಕಣಿವೆಯಿಂದ ತರಿಸಬೇಕು, ಲಾರಿ ಸಿಗುವುದು ಕಷ್ಟ. ತೈಲಾಕ್ ಅದಕ್ಕೆ ಏನೋ ಹೇಳಿದ, ಗುಲ್ಸುನ್ ಅದನ್ನು ತಿದ್ದಿದಳು, ಅವನು ನಕ್ಕ. ಕಲಿಪಾ ಯಾವುದನ್ನೂ ಬರೆದುಕೊಳ್ಳದೆ ಕೇಳುತ್ತಾ, ಕೈ ಬೆರಳಿಗಂಟಿದ ಕೊಬ್ಬನ್ನು ರೊಟ್ಟಿಯ ತುಂಡಿನಿಂದ ಒರೆಸಿ ಬಾಯಿಗೆ ಹಾಕಿಕೊಂಡಳು.